ಬಾಡಿಗೆ ಅವರವರದ್ದು, ಮೇಂಟೆನೆನ್ಸ್ ಎಲ್ಲರದ್ದು

ನಮ್ಮ ಕಾಂಪ್ಲೆಕ್ಸ್‌ನ ಬಾಡಿಗೆದಾರರ ಸಂಘಕ್ಕೆ ನಾನು ಕಾರ್ಯದರ್ಶಿ. ಸಂಘ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ: "ಬಾಡಿಗೆ ಕಮ್ಮಿ ಮಾಡಿಸ್ತೀರಾ?" ಆ ವಿಷಯ ಮುಟ್ಟುವುದಿಲ್ಲ ಅಂತ ಮೊದಲ ಸಭೆಯಲ್ಲೇ ಹೇಳಿಬಿಟ್ಟೆವು. ಒಬ್ಬೊಬ್ಬರ ಕರಾರು ಒಂದೊಂದು ಥರ ಇರುತ್ತದೆ. ಮೂಲೆ ಮಳಿಗೆಗೆ ಒಂದು ದರ, ಒಳಗಿನದಕ್ಕೆ ಇನ್ನೊಂದು. ಅದನ್ನು ಸಭೆಗೆ ತಂದರೆ ಜಗಳ ಮಾಲೀಕರ ಜೊತೆ ಆಗಲ್ಲ, ನಮ್ಮನಮ್ಮಲ್ಲೇ ಆಗುತ್ತದೆ.

ಹಾಗಾಗಿ ಎಲ್ಲರಿಗೂ ತಟ್ಟುವುದನ್ನಷ್ಟೇ ಹಿಡಿದುಕೊಂಡೆವು. ಲಿಫ್ಟ್, ಜನರೇಟರ್, ಶೌಚಾಲಯ, ಪಾರ್ಕಿಂಗ್, ಬೋರ್ಡ್ ಹಾಕುವ ಜಾಗ. ಎಲ್ಲಕ್ಕಿಂತ ದೊಡ್ಡದು ಮೇಂಟೆನೆನ್ಸ್ ಬಿಲ್.

ಪ್ರತಿಯೊಬ್ಬರಿಂದ ಆ ಬಿಲ್ಲು, ಜೊತೆಗೆ ಕರಾರಿನಲ್ಲಿ ಮೇಂಟೆನೆನ್ಸ್ ಬಗ್ಗೆ ಇರುವ ಪುಟದ ಜೆರಾಕ್ಸ್ ಕೇಳಿದೆವು. ಕೊಡಲು ಹಿಂಜರಿದರು. ಬಾಡಿಗೆ ಮೊತ್ತದ ಮೇಲೆ ಚೀಟಿ ಇಟ್ಟು ಜೆರಾಕ್ಸ್ ಮಾಡಿಸಿ ಅಂದ ಮೇಲೆ ಒಂದೊಂದಾಗಿ ಬಂದವು. ಎಲ್ಲವನ್ನೂ ಮೇಜಿನ ಮೇಲೆ ಹರಡಿದಾಗ, ಒಂದೇ ಬಿಲ್ಲಿನಲ್ಲಿ ಕಾಣದಿದ್ದ ವಿಷಯ ಕಂಡಿತು. ಖರ್ಚನ್ನು ಇಡೀ ಕಟ್ಟಡಕ್ಕೆ ಹಂಚುತ್ತಿರಲಿಲ್ಲ, ಬಾಡಿಗೆಗೆ ಹೋಗಿರುವ ಜಾಗಕ್ಕೆ ಮಾತ್ರ ಹಂಚುತ್ತಿದ್ದರು. ಕಟ್ಟಡ 10,000 ಚದರಡಿ, ನಿಮ್ಮದು 1,000 ಅಂದುಕೊಳ್ಳಿ. ನಿಮ್ಮ ಪಾಲು ಶೇ. 10. ಈಗ 2,000 ಚದರಡಿ ಖಾಲಿ ಬಿತ್ತು ಅನ್ನಿ. ಉಳಿದ 8,000ಕ್ಕೆ ಹಂಚಿದರೆ ನಿಮ್ಮ ಪಾಲು ಶೇ. 12.5 ಆಗುತ್ತದೆ. ಪಕ್ಕದವರು ಅಂಗಡಿ ಬಿಟ್ಟು ಹೋದರೆ ನಿಮ್ಮ ಬಿಲ್ ಜಾಸ್ತಿ!

ಇನ್ನೊಂದು, ಹೊಸ ಲಿಫ್ಟಿನ ಪೂರ್ತಿ ದುಡ್ಡನ್ನು ಒಂದೇ ವರ್ಷದ ಮೇಂಟೆನೆನ್ಸ್‌ಗೆ ಸೇರಿಸಿದ್ದರು. ಲಿಫ್ಟ್ ಎಷ್ಟೋ ವರ್ಷ ಓಡುತ್ತದೆ. ಮುಂದಿನ ವರ್ಷ ಕರಾರು ಮುಗಿಯುವವರು ಅದನ್ನೆಲ್ಲ ಯಾಕೆ ಕಟ್ಟಬೇಕು, ಅಲ್ವಾ?

ಕೆಲವರು ಬಿಲ್ ಕಟ್ಟುವುದನ್ನೇ ನಿಲ್ಲಿಸೋಣ ಅಂದರು. ನಾನು ಒಪ್ಪಲಿಲ್ಲ. ಕಟ್ಟದಿದ್ದರೆ ಕರಾರು ಮುರಿದವರು ನಾವೇ ಆಗುತ್ತೇವೆ, ಆಮೇಲೆ ಮಾತೆಲ್ಲ ಬಾಕಿಯ ಬಗ್ಗೆಯೇ. ಅದಕ್ಕೇ "ತಕರಾರು ಇಟ್ಟುಕೊಂಡು ಪಾವತಿಸಿದ್ದೇವೆ" ಅಂತ ಪತ್ರ ಕೊಟ್ಟು ಕಟ್ಟಿದೆವು. ಪತ್ರದಲ್ಲಿ ಬೈಗುಳ ಇಲ್ಲ. ಇಡೀ ವಿಸ್ತೀರ್ಣಕ್ಕೆ ಹಂಚಿ, ವರ್ಷದ ಕೊನೆಗೆ ವೋಚರ್ ಸಮೇತ ಲೆಕ್ಕ ತೋರಿಸಿ, ದೊಡ್ಡ ಖರ್ಚನ್ನು ಹಲವು ವರ್ಷಕ್ಕೆ ಹರಡಿ, ಇಷ್ಟೇ. ಎಲ್ಲರ ಸಹಿ ಹಾಕಿಸಿ, ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಬಂದೆವು.

ಮಾಲೀಕರ ಜೊತೆ ಮಾತಾಡೋದು ನಾನು ಮತ್ತು ಖಜಾಂಚಿ ಮಾತ್ರ ಅಂತ ಠರಾವು ಮಾಡಿದ್ದೆವು. ಇದನ್ನು ಕಾಪಾಡಿಕೊಳ್ಳೋದೇ ಕಷ್ಟದ ಕೆಲಸ. ಮಾಲೀಕರು ಅತಿ ದೊಡ್ಡ ಮಳಿಗೆಯವರನ್ನು ಒಳಗೆ ಕರೆದು, ಅವರೊಬ್ಬರಿಗೇ ರಿಯಾಯಿತಿ ಕೊಟ್ಟರೆ ಸಂಘದ ಬಲ ಅರ್ಧಕ್ಕರ್ಧ ಹೋದ ಹಾಗೇ. ಕರೆದದ್ದೂ ಆಯಿತು. ಆ ಮಳಿಗೆಯವರು ಬಂದು ಸಭೆಯಲ್ಲೇ ಹೇಳಿದರು, ಅದನ್ನು ನಡಾವಳಿಯಲ್ಲಿ ಬರೆದೆವು. ಮತದ ವಿಷಯದಲ್ಲಿ ಅವರಿಗೂ ಸಣ್ಣವರಿಗೂ ಒಂದೊಂದೇ ಮತ. ಸಂಘದ ಚಂದಾ ಮಾತ್ರ ಚದರಡಿ ಲೆಕ್ಕ. ಇದು ನನಗೆ ಈಗಲೂ ಪೂರ್ತಿ ಸರಿ ಅನ್ನಿಸಲ್ಲ, ಆದರೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಮುಂದಿನ ವರ್ಷದಿಂದ ಇಡೀ ಕಟ್ಟಡಕ್ಕೆ ಹಂಚಿದರು, ಲಿಫ್ಟಿನ ಖರ್ಚನ್ನೂ ಕಂತು ಮಾಡಿದರು. ಹಿಂದೆ ಕಟ್ಟಿದ್ದು ವಾಪಸ್ ಬರಲಿಲ್ಲ. ಈಗ ಹೊಸಬರು ಯಾರಾದರೂ ಮಳಿಗೆ ನೋಡಲು ಬಂದರೆ, ಸಹಿ ಹಾಕುವ ಮೊದಲೇ ಕರಾರಿನ ಆ ಪುಟವನ್ನು ಖಜಾಂಚಿ ಓದಿ ತೋರಿಸುತ್ತಾರೆ.