ಹ್ಯಾಮಕ್‌ನಲ್ಲಿ ಮಲಗುತ್ತೀರಾ? ಬೆನ್ನಿನ ಕಡೆಯೂ ನೋಡಿಕೊಳ್ಳಿ

ಸೊಳ್ಳೆ ಪರದೆ ಆರಿಸುವಾಗ ಎಲ್ಲರೂ ಮೇಲ್ಭಾಗ ಮಾತ್ರ ನೋಡುತ್ತಾರೆ. ಆದರೆ ಹ್ಯಾಮಕ್‌ನಲ್ಲಿ (ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ) ಸೊಳ್ಳೆ ಕೆಳಗಿನಿಂದಲೂ ಕಚ್ಚುತ್ತದೆ. ಮೈಭಾರಕ್ಕೆ ತೆಳು ನೈಲಾನ್ ಬಟ್ಟೆ ಬೆನ್ನಿಗೆ ಬಿಗಿಯಾಗಿ ಅಂಟಿಕೊಂಡಿರುತ್ತೆ ಅಲ್ವಾ, ಅದರ ಮೂಲಕವೇ ಚುಚ್ಚುತ್ತದೆ. ಮೊದಲ ಸಲ ಮಲಗಿ ಎದ್ದಾಗ ನನ್ನ ಮುಖ, ಕೈ ಎಲ್ಲ ಚೆನ್ನಾಗಿತ್ತು. ಭುಜದ ಹಿಂದೆ, ಸೊಂಟದ ಕೆಳಗೆ ಮಾತ್ರ ಸಾಲು ಸಾಲು ದದ್ದು!

ಹಾಗಾಗಿ ಹ್ಯಾಮಕ್‌ನ ಸುತ್ತಲೂ, ಅಡಿಗೂ ಆವರಿಸುವ ಪರದೆಯೇ ನನಗೆ ಇಷ್ಟ. ಮೇಲೆ ಮಾತ್ರ ಹೊಲಿದ ಪರದೆ ಇದ್ದರೆ ಅಡಿಗೆ ಎರಡು ಪದರದ ಬಟ್ಟೆ ಬೇಕು. ಆ ಪದರಗಳ ನಡುವೆ ಮಲಗುವ ಮ್ಯಾಟ್ ತೂರಿಸಿದರೆ ಇನ್ನೂ ಒಳ್ಳೆಯದು. ನುಸಿ ಕಾಟ ಜಾಸ್ತಿ ಇರುವ ಕಡೆ ತೀರಾ ಸಣ್ಣ ಕಣ್ಣಿನ ಜಾಲರಿಯನ್ನೇ ತಗೊಳ್ಳಿ. ಗಾಳಿ ಸ್ವಲ್ಪ ಕಡಿಮೆ ಆಡುತ್ತದೆ, ಅಷ್ಟೇ.

ಪರದೆ ಮುಖಕ್ಕೆ ತಾಗದಂತೆ ಮೇಲೊಂದು ಹಗ್ಗ ಎಳೆದು ಕಟ್ಟಿ.

ಇರುವೆಗಳು ಮರಕ್ಕೆ ಕಟ್ಟಿದ ಪಟ್ಟಿ ಹಿಡಿದೇ ಬರುತ್ತವೆ. ಬಟ್ಟೆಗೆಂದೇ ಸಿಗುವ 0.5% ಪರ್ಮೆಥ್ರಿನ್ (ಒಂದು ಕೀಟನಾಶಕ) ಸ್ಪ್ರೇಯನ್ನು ಪಟ್ಟಿಗಳಿಗೆ, ಹ್ಯಾಮಕ್‌ನ ಹೊರಮೈಗೆ ಹೊಡೆದು ಪೂರ್ತಿ ಒಣಗಿಸಿ. ಚರ್ಮಕ್ಕೆ ಮಾತ್ರ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಒಣಗುವವರೆಗೂ ದಯವಿಟ್ಟು ದೂರ ಇಡಿ, ಸ್ಪ್ರೇ ಹಸಿ ಇರುವಾಗ ಬೆಕ್ಕಿಗೆ ವಿಷ.