ತೊಳೆದ ಮೇಲೆ ಕಾರು ಸ್ಟಾರ್ಟ್ ಆಗಲು ತಿಣುಕುತ್ತಿದೆಯೇ? ನೀರು ಎಲ್ಲಿ ಕೂತಿದೆ ನೋಡಿ

ಬಾನೆಟ್ ಎತ್ತುವ ಮುಂಚೆ ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಸದ್ದಿಗೆ ಕಿವಿಗೊಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸೆಲ್ಫ್ ಎಂದಿನ ವೇಗದಲ್ಲೇ ತಿರುಗುತ್ತಿದ್ದು ಎಂಜಿನ್ ಮಾತ್ರ ಹತ್ತಿಕೊಳ್ಳದಿದ್ದರೆ, ಪೆಟ್ರೋಲ್ ಕಾರಿನಲ್ಲಿ ಮೊದಲ ಅನುಮಾನ ಸ್ಪಾರ್ಕ್ ಮೇಲೆ, ಅಂದರೆ ಪೆಟ್ರೋಲ್ ಹೊತ್ತಿಸುವ ಕಿಡಿಯ ಮೇಲೆ. ಸೆಲ್ಫೇ ನಿಧಾನವಾಗಿ ಎಳೆಯುತ್ತಿದ್ದರೆ ಅಥವಾ ಬರೀ ಟಕ್ ಟಕ್ ಎಂದರೆ ಬ್ಯಾಟರಿ ನೋಡಿ. ತೊಳೆಯುವಾಗ ಬಾಗಿಲು ತೆರೆದಿಟ್ಟು, ಹಾಡು ಹಾಕಿಕೊಂಡು, ಒಳಗಿನ ಲೈಟ್ ಉರಿಯುತ್ತಿದ್ದರೆ ಹಳೆಯ ಬ್ಯಾಟರಿ ಇಳಿದುಹೋಗಲು ಅಷ್ಟೇ ಸಾಕು. ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಎಂದರೆ ಹೆಚ್ಚುಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ತಪ್ಪು ನೀರಿನದಲ್ಲ, ಬ್ಯಾಟರಿಯದು ಅಥವಾ ಅದಕ್ಕೆ ವೈರ್ ಕಟ್ಟುವ ಟರ್ಮಿನಲ್‌ನದು.

ಸೆಲ್ಫ್ ಒಂದೇ ಸಲ ದಢಕ್ಕನೆ ತಿರುಗಿ ಬಿಗಿಯಾಗಿ ನಿಂತುಬಿಟ್ಟರೆ ಮತ್ತೆ ಕೀ ಮುಟ್ಟಬೇಡಿ. ಏರ್ ಫಿಲ್ಟರ್ ಡಬ್ಬ ಬಿಚ್ಚಿ ನೋಡಿ. ತಳದಲ್ಲಿ ನೀರು ನಿಂತಿದ್ದರೆ ಅದು ಸಿಲಿಂಡರ್‌ಗೂ ಇಳಿದಿರಬಹುದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಒತ್ತಾಯ ಮಾಡಿದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಅಂಥ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಫಿಲ್ಟರ್ ಕಾಗದ ಮಾತ್ರ ನೆಂದು ಡಬ್ಬ ಒಣಗಿದ್ದರೆ ಹೊಸ ಫಿಲ್ಟರ್ ಹಾಕಿದರೆ ಆಯಿತು.

ಇನ್ನು ಸ್ಪಾರ್ಕ್ ವಿಷಯ. ಈಗಿನ ಬಹುತೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಿಡಿ ಹಾರಿಸುವ ಪ್ರತಿ ಪ್ಲಗ್ಗಿನ ಮೇಲೂ ಅದಕ್ಕೆ ಕರೆಂಟು ಕೊಡುವ ಒಂದು ಕಾಯಿಲ್ ಕೂತಿರುತ್ತದೆ, ಪ್ಲಗ್ ಆಳವಾದ ಗುಂಡಿಯಲ್ಲಿರುತ್ತದೆ. ಎಂಜಿನ್ ಮೇಲೆ ಜೋರಾಗಿ ಪೈಪ್ ಹಿಡಿದರೆ ನೀರು ಆ ಗುಂಡಿಗೆ ಇಳಿಯುತ್ತದೆ, ಸಾವಿರಾರು ವೋಲ್ಟಿನ ಕರೆಂಟು ಪ್ಲಗ್ಗಿನ ತುದಿಗೆ ಹೋಗುವ ಬದಲು ಕಾಯಿಲ್ ತುದಿಯ ಒದ್ದೆ ರಬ್ಬರ್ ಬೂಟ್ (ಪ್ಲಗ್ಗನ್ನು ಮುಚ್ಚುವ ಕೊಳವೆ) ಮೇಲೆ ಹರಿದು ಎಂಜಿನ್ ಬಾಡಿಗೆ ಇಳಿದುಹೋಗುತ್ತದೆ.

ಇಗ್ನಿಷನ್ ಆಫ್ ಮಾಡಿ, ಎಂಜಿನ್ ಆರಿದ ಮೇಲೆ ಕೆಲಸ ಶುರು ಮಾಡಿ. ಕನೆಕ್ಟರ್‌ನ ಲಾಕ್ ಒತ್ತಿ ಬಿಡಿಸಿ, ಬೋಲ್ಟ್ ಬಿಚ್ಚಿ (ಸಾಮಾನ್ಯವಾಗಿ 10 ಎಂಎಂ), ಕಾಯಿಲನ್ನು ಸ್ವಲ್ಪ ಅತ್ತಿತ್ತ ತಿರುಚುತ್ತಾ ನೇರ ಮೇಲಕ್ಕೆ ಎತ್ತಿ. ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಹಾಕಿಕೊಳ್ಳಿ. ಗುಂಡಿಯಲ್ಲಿ ನೀರಿದ್ದರೆ ಪ್ಲಗ್ ಬಿಚ್ಚುವ ಅವಸರ ಬೇಡ; ಬಿಚ್ಚಿದರೆ ನೀರು, ಮರಳು ಎಲ್ಲ ನೇರ ಸಿಲಿಂಡರಿಗೆ. ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿ ಹೀರಿಸಿ, ಆಮೇಲೆ ಕನ್ನಡಕ ಹಾಕಿಕೊಂಡು ಗಾಳಿ ಹೊಡೆಯಿರಿ. ನೀರಿನ ಬದಲು ಎಣ್ಣೆ ಕಂಡರೆ ವಾಲ್ವ್ ಕವರ್‌ನ ಸೀಲ್ ಹೋಗಿದೆ.

ರಬ್ಬರ್ ಬೂಟನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆ ಉದ್ದಕ್ಕೆ ಓಡಿದ್ದರೆ ಕರೆಂಟು ಆ ದಾರಿಯಲ್ಲೇ ಸೋರುತ್ತಿದೆ ಎಂದರ್ಥ. ಎಷ್ಟು ಒಣಗಿಸಿದರೂ ಆ ದಾರಿ ಮುಚ್ಚುವುದಿಲ್ಲ, ಬೂಟ್ ಬದಲಿಸಲೇಬೇಕು. ಗೆರೆ ಇಲ್ಲದಿದ್ದರೆ ಹೇರ್ ಡ್ರೈಯರ್‌ನ ಹದ ಬಿಸಿಯಲ್ಲಿ ಒಣಗಿಸಿ, ಬೂಟಿನ ಬಾಯಿಯ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಯಬಿಡದ ಗ್ರೀಸ್) ತೆಳುವಾಗಿ ಸವರಿ ಕೂರಿಸಿ. ಹಳೆಯ ಕಾರುಗಳಲ್ಲಿ ಇದೇ ಪಾಡು ಎಲ್ಲ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಮತ್ತು ಪ್ಲಗ್ ವೈರ್‌ಗಳದು. ಕ್ಯಾಪ್ ಒಳಗಿನ ಪಸೆ ಒರೆಸಿ, ವೈರ್‌ಗಳನ್ನು ಒಂದೊಂದಾಗಿಯೇ ತೆಗೆದು ಹಾಕಿ, ಇಲ್ಲವಾದರೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) ತಪ್ಪುತ್ತದೆ.

ಮತ್ತೆ ಮತ್ತೆ ಸೆಲ್ಫ್ ಹೊಡೆದು ಪ್ಲಗ್ ಪೆಟ್ರೋಲಿನಲ್ಲಿ ನೆಂದಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು 5-8 ಸೆಕೆಂಡ್ ತಿರುಗಿಸಿ. ಬಹಳಷ್ಟು ಇಂಜೆಕ್ಷನ್ ಕಾರುಗಳು ಆಗ ಪೆಟ್ರೋಲ್ ನಿಲ್ಲಿಸಿ ಗಾಳಿ ಮಾತ್ರ ಎಳೆಯುತ್ತವೆ. ಒಮ್ಮೆಗೆ 10 ಸೆಕೆಂಡ್ ದಾಟಿಸಬೇಡಿ, ನಡುವೆ ಒಂದು ನಿಮಿಷವಾದರೂ ಬಿಡಿ. ಸೆಲ್ಫ್ ಮೋಟಾರ್ ಸುಡುವುದು ಹೀಗೇ.

ಸ್ಪಾರ್ಕ್ ಭಾಗ ಒಣಗಿದೆ, ಆದರೂ ಹತ್ತುತ್ತಿಲ್ಲವೇ? ಸೆಲ್ಫ್ ತಿರುಗುವಾಗ ಆರ್‌ಪಿಎಂ ಮುಳ್ಳು ಕೊಂಚವಾದರೂ ಅಲುಗುತ್ತದೆಯೇ ನೋಡಿ. ಬಹಳ ಕಾರುಗಳಲ್ಲಿ ಅದು ಸೊನ್ನೆಯಲ್ಲೇ ಇದ್ದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರ್‌ಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್‌ನ ಸಿಗ್ನಲ್ ಬರುತ್ತಿಲ್ಲದಿರಬಹುದು. ಅದರ ಕನೆಕ್ಟರ್ ಸಾಮಾನ್ಯವಾಗಿ ಕೆಳಗಡೆ ಇರುವುದರಿಂದ ಅಡಿಗೆ ಪ್ರೆಷರ್ ನೀರು ಹೊಡೆದಾಗ ನೆನೆಯುತ್ತದೆ. ಬಿಡಿಸಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅಲ್ಲಿ ಬ್ಯಾಟರಿ, ಗ್ಲೋ ಪ್ಲಗ್ (ತಣ್ಣನೆಯ ಎಂಜಿನ್ ಬಿಸಿ ಮಾಡುವ ಪ್ಲಗ್) ರಿಲೇ, ಸೆನ್ಸರ್ ಕನೆಕ್ಟರ್‌ಗಳನ್ನಷ್ಟೇ ನೋಡಿ.

ಸ್ಟಾರ್ಟ್ ಆದ ಮೇಲೂ ಮಿಸ್ಸಿಂಗ್ (ಯಾವುದೋ ಸಿಲಿಂಡರ್ ಹತ್ತದೆ ಎಂಜಿನ್ ಎಡವುವುದು) ಇದ್ದು ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಗಾಡಿ ಓಡಿಸಬೇಡಿ. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0301 ಬಂದರೆ ಮಿಸ್ಸಿಂಗ್ ಒಂದನೇ ಸಿಲಿಂಡರಿನಲ್ಲಿದೆ. ಅದರ ಕಾಯಿಲನ್ನು ಎರಡನೆಯ ಸಿಲಿಂಡರಿನದರ ಜತೆ ಅದಲುಬದಲು ಮಾಡಿ ನೋಡಿ: ಕೋಡ್ ಪಿ0302 ಆದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಪ್ಲಗ್ ನೋಡಿ.

ಪ್ರತಿ ತೊಳೆತಕ್ಕೂ ಇದೇ ರಗಳೆಯಾಗುತ್ತಿದ್ದು, ಎಂಜಿನ್‌ಗೆ ನೀರು ಹಾಕಿಯೇ ಇಲ್ಲವೆಂದರೆ ಮುಂದಿನ ಗಾಜಿನ ಬುಡ ನೋಡಿ. ವೈಪರ್ ಕೆಳಗಿನ ಜಾಲರಿಯ ನೀರು ಹೊರಹೋಗುವ ತೂತುಗಳು ಎಲೆ ಕಸದಿಂದ ಕಟ್ಟಿಕೊಂಡರೆ ನೀರು ತುಂಬಿ ಎಂಜಿನ್ ಕಡೆಗೇ ಸುರಿಯುತ್ತದೆ. ಬಾನೆಟ್ ತೆರೆದು ಗಾಜಿನ ಮೇಲೆ ಒಂದು ಮಗ್ ನೀರು ನಿಧಾನವಾಗಿ ಬಿಟ್ಟು ಅದು ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಗಮನಿಸಿ. ಚಕ್ರದ ಕಡೆ ಇಳಿದರೆ ಸರಿ, ಕಾಯಿಲ್ ಮೇಲೆ ಬಿದ್ದರೆ ಕಸ ತೆಗೆಯಿರಿ.