ಲ್ಯಾಪ್‌ಟಾಪಿನಲ್ಲಿ ತೆರೆಯುವ ಲಿಂಕ್ ಫೋನಿನಲ್ಲಿ ಯಾಕೆ ಕೈಕೊಡುತ್ತೆ?

ಮೊದಲ ಸಲ ವೆಬ್‌ಸೈಟ್ ಮಾಡುತ್ತಿರುವವರು ಗಮನಿಸಿ. ಪುಟಗಳನ್ನೆಲ್ಲ ಒಂದೇ ಫೋಲ್ಡರ್‌ನಲ್ಲಿಡಿ. ಮುಖಪುಟದ ಹೆಸರು ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಅಂತಲೇ ಇರಲಿ, ಸರ್ವರ್ (ಪುಟಗಳನ್ನಿಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರ್) ಮೊದಲು ಹುಡುಕೋದು ಅದನ್ನೇ.

ಲಿಂಕ್ ಕೊಡುವಾಗ ಆಂಕರ್ ಟ್ಯಾಗಿನ (ಲಿಂಕ್ ಮಾಡುವ ಎಚ್‌ಟಿಎಂಎಲ್ ಗುರುತು) ಎಚ್‌ರೆಫ್‌ನಲ್ಲಿ, ಅಂದರೆ ಲಿಂಕ್ ಎಲ್ಲಿಗೆ ಹೋಗಬೇಕೆಂದು ಬರೆಯುವ ಜಾಗದಲ್ಲಿ, ಬರೀ ಫೈಲಿನ ಹೆಸರು ಸಾಕು. ನಮ್ಮೂರ ಗ್ರಂಥಾಲಯಕ್ಕೆ ಪುಟ ಮಾಡಿದಾಗ ನಾನು ಸಿ ಡ್ರೈವ್‌ನಿಂದ ಹಿಡಿದು ಇಡೀ ದಾರಿಯನ್ನೇ ಹಾಕಿಬಿಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ, ಮಿಕ್ಕವರ ಫೋನಿನಲ್ಲಿ ಒಂದೂ ತೆರೆಯಲಿಲ್ಲ.

ಇದಕ್ಕಿಂತ ಹೆಚ್ಚು ಕಾಡೋದು ದೊಡ್ಡಕ್ಷರ, ಸಣ್ಣಕ್ಷರ. ‘ಫೋಟೋಸ್’ ಅನ್ನು ಇಂಗ್ಲಿಷಿನ ದೊಡ್ಡ ‘ಪಿ’ಯಿಂದ ಬರೆದರೂ ಸಣ್ಣದರಿಂದ ಬರೆದರೂ ವಿಂಡೋಸ್‌ಗೆ ಒಂದೇ. ವೆಬ್‌ಸೈಟನ್ನು ಇಂಟರ್ನೆಟ್ಟಿಗೆ ಏರಿಸುವ ಗಿಟ್‌ಹಬ್ ಪೇಜಸ್ ಸೇವೆಯಲ್ಲಿ ಅವು ಬೇರೆ ಬೇರೆ ಫೈಲು, ಲಿಂಕಿನಲ್ಲಿ ಅಕ್ಷರ ತಪ್ಪಿದರೆ ನೇರ 404, ಅಂದರೆ ‘ಪುಟ ಸಿಗಲಿಲ್ಲ’ ಅಂತ ಬರುತ್ತೆ. ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲಿ, ನಡುವೆ ಸ್ಪೇಸ್ ಬಿಡದೆ ಇಡಿ.

ಕನ್ನಡ ಅಕ್ಷರ ಕೆಡದಿರಲು ಪುಟದ ಕೋಡಿನ ಹೆಡ್ ಭಾಗದಲ್ಲಿ ಯುಟಿಎಫ್-8 ಸಾಲು (ಅಕ್ಷರಗಳನ್ನು ಹೇಗೆ ಓದಬೇಕೆಂದು ಬ್ರೌಸರ್‌ಗೆ ಹೇಳುವ ‘ಮೆಟಾ ಚಾರ್‌ಸೆಟ್’ ಸಾಲು) ಬೇಕೇ ಬೇಕು.

ಪಬ್ಲಿಕ್ ರೆಪೊಸಿಟರಿಯಾದರೆ (ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಫೈಲುಗಳನ್ನಿಡುವ ಜಾಗ) ಗಿಟ್‌ಹಬ್ ಪೇಜಸ್ ಉಚಿತ. ಫೈಲು ಏರಿಸಿ, ಸೆಟ್ಟಿಂಗ್ಸ್‌ನಲ್ಲಿ ಪೇಜಸ್‌ಗೆ ಹೋಗಿ ಬ್ರಾಂಚ್ (ನಿಮ್ಮ ಫೈಲುಗಳಿರುವ ಕವಲು) ಆರಿಸಿ ಸೇವ್ ಕೊಡಿ, ಕೆಲವು ನಿಮಿಷ ಕಾಯಿರಿ. ಆಮೇಲೆ ಮನೆಯವರ ಫೋನ್ ಇಸ್ಕೊಂಡು ಒಂದೊಂದೇ ಲಿಂಕ್ ಒತ್ತಿ ನೋಡಿ.